ಹಾಯಿದೋಣಿಯ ಏಳು ಬೋಲ್ಟು

ಪರೀಕ್ಷೆಗೆ ಬಂದಿದ್ದವರು ಅಂಗಿಯ ಜೇಬಿನಿಂದ ಒಂದು ವಿಸಿಟಿಂಗ್ ಕಾರ್ಡ್ ತೆಗೆದು, ದೋಣಿಯ ಒಡಲಿಗೂ ಅದರ ಕೀಲ್‌ಗೂ ನಡುವಿನ ಸಂದಿಗೆ ತೂರಿಸಿದರು. ಕಾರ್ಡು ಸಲೀಸಾಗಿ ಒಳಗೆ ಹೋಯಿತು. ಹೋಗಬಾರದಿತ್ತು. ಅಲ್ಲಿ ಕೂದಲೂ ತೂರಬಾರದು.

“ನೋಡಿದಿರಲ್ಲ ಮೇಡಂ,” ಎಂದರು. ಅವರದು ನಯವಾದ ಮಾತು. ಬೈದಿದ್ದರೆ ನಾನೂ ಸೆರಗು ಕಟ್ಟಿ ಜಗಳಕ್ಕೆ ನಿಲ್ಲಬಹುದಿತ್ತು. “ಈ ಸಂದಿ ಮುಚ್ಚಬೇಕು, ಬೋಲ್ಟುಗಳು ಬಿಗಿ ಇರಬೇಕು. ಪಂದ್ಯದ ಹಿಂದಿನ ದಿನ ಮತ್ತೆ ಬರ್ತೀನಿ. ಆಗಲೂ ಹೀಗೇ ಇದ್ದರೆ ಈ ದೋಣೀನ ನೀರಿಗಿಳಿಸೋಕೆ ನಾನು ಒಪ್ಪೋದಿಲ್ಲ.”

ದೋಣಿ ಹೈಡ್ರಾ ಕ್ರೇನಿನ ಬೆಲ್ಟಿನಲ್ಲಿ ನೇತಾಡುತ್ತಾ ತೊಟತೊಟನೆ ನೀರಿಳಿಸುತ್ತಿತ್ತು. ಅದನ್ನು ಎತ್ತಿ ಹಿಡಿದಿದ್ದ ಹೈಡ್ರಾ ಡ್ರೈವರ್ ಕನಕಪುರ ರಸ್ತೆಯ ಗ್ರಾನೈಟ್ ಯಾರ್ಡಿನವನು, ದೊಡ್ಡಆಲಹಳ್ಳಿಯವನು. ಕಲ್ಲು ಎತ್ತಿ ಎತ್ತಿ ರೂಢಿಯಾದವನಿಗೆ ದೋಣಿ ಎಂದರೆ ಹಗುರ. “ಅಕ್ಕೋ, ಇಳಿಸ್ಲಾ ಬ್ಯಾಡ್ವಾ?” ಎಂದು ಕೂಗಿದ. ಇಳಿಸು ಎಂದು ಕೈಸನ್ನೆ ಮಾಡಿದೆ.

ಕಣ್ವ ಜಲಾಶಯದ ದಂಡೆಯಲ್ಲಿ ನಾನು ಹಾಯಿದೋಣಿ ನಡೆಸುವುದನ್ನು ಕಲಿಸುತ್ತೇನೆ. ಕನಕಪುರದ ಕಡೆಯ ರಾಗಿ ಹೊಲದವಳಿಗೆ ಈ ಕಸುಬು ಹೇಗೆ ಗಂಟುಬಿತ್ತು ಎನ್ನುವುದು ಬೇರೆ ಪುರಾಣ, ಇಲ್ಲಿ ಬೇಡ. ನಮ್ಮಲ್ಲಿರುವ ದೋಣಿಗಳೆಲ್ಲ ಚಿಕ್ಕವು, ಹಗುರ. ಗಾಳಿ ಜೋರಾದರೆ ನಡೆಸುವವರು ಈ ಬದಿಯಿಂದ ಆ ಬದಿಗೆ ಹಾರಿ ಕೂತು ತೂಕ ಸರಿದೂಗಿಸಬೇಕು, ಇಲ್ಲದಿದ್ದರೆ ಮಗುಚುತ್ತವೆ. ಹಾಗೆ ಹಾರಲಾಗದವರಿಗೆಂದೇ ಇದ್ದದ್ದು ಈ ಒಂದು ಹಳೆಯ ದೋಣಿ. ಇದರ ತಳದಡಿ ಎರಕದ ಕಬ್ಬಿಣದ ದೊಡ್ಡ ರೆಕ್ಕೆಯೊಂದು ನೀರಿನೊಳಕ್ಕೆ ಇಳಿದಿರುತ್ತದೆ. ಅದೇ ಕೀಲ್. ದೋಣಿ ಎಷ್ಟೇ ವಾಲಿದರೂ ಈ ಭಾರ ಅದನ್ನು ಎಳೆದು ನೆಟ್ಟಗೆ ನಿಲ್ಲಿಸುತ್ತದೆ. ಆ ಕೀಲನ್ನು ಒಡಲಿಗೆ ಹಿಡಿದಿಟ್ಟಿರುವುದು ಏಳೇ ಏಳು ಬೋಲ್ಟು. ಅವು ಕೈಕೊಟ್ಟರೆ ನಡುನೀರಿನಲ್ಲಿ ಕೀಲ್ ಕಳಚಿ ಬೀಳುತ್ತದೆ, ದೋಣಿ ಮಗುಚುತ್ತದೆ, ಒಳಗಿರುವವರು ಅಡಿಗಾಗುತ್ತಾರೆ.

ಒಳಗೆ ಕೂರಬೇಕಾಗಿದ್ದವರು ರಾಮನಗರದ ಒಬ್ಬ ರೀಲರ್. ರೇಷ್ಮೆಗೂಡಿನಿಂದ ನೂಲು ತೆಗೆಯುವ ಮನೆತನ. ಎಲ್ಲರೂ ಅವರನ್ನು ಭಾಯಿ ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ಚಿಕ್ಕಂದಿನ ಪೋಲಿಯೋದಿಂದ ಎರಡೂ ಕಾಲಿಗೆ ಬಲವಿಲ್ಲ. ತೋಳುಗಳು ಮಾತ್ರ ಪೈಲ್ವಾನರವು, ಬಾಯಿ ಅದಕ್ಕಿಂತ ಜೋರು. ಮೂರು ಚಕ್ರದ ಸ್ಕೂಟರಿನಲ್ಲಿ ಬಂದು ದಂಡೆಯಲ್ಲಿ ನಿಲ್ಲಿಸಿ, “ಮೇಡಂ, ಗಾಳಿ ಬಂತಾ ಇಲ್ವಾ? ಇಲ್ಲಾಂದ್ರೆ ನಾನೇ ಊದ್ತೀನಿ” ಎನ್ನುವವರು. ಒಂದು ದಿನ ಚುಕ್ಕಾಣಿ ಹಿಡಿದು ಕೂತಿದ್ದಾಗ ತಮಾಷೆ ಬಿಟ್ಟು ಹೇಳಿದ್ದರು: “ಹುಟ್ಟಿದಾಗ್ಲಿಂದ ನನ್ನನ್ನ ಎಲ್ಲಾರೂ ಎತ್ಕೊಂಡೋಗಿದಾರೆ ಮೇಡಂ. ನಾನು ಬೇರೇವ್ರನ್ನ ಕರ್ಕೊಂಡೋಗೋದು ಇದೊಂದೇ ಜಾಗ.”

ಅಂಗವಿಕಲರೇ ಚುಕ್ಕಾಣಿ ಹಿಡಿಯುವ ಪಂದ್ಯ ಮೊದಲ ಸಲ ನಮ್ಮ ನೀರಿನಲ್ಲೇ ನಡೆಯುವುದಿತ್ತು. ಭಾಯಿ ಗೂಡಿನ ಮಾರುಕಟ್ಟೆಯಲ್ಲೆಲ್ಲ ಡಂಗುರ ಹೊಡೆದು ಬಂದಿದ್ದರು. ಈಗ ಸಂದಿಯಲ್ಲಿ ಸಿಕ್ಕಿಕೊಂಡ ಆ ಕಾರ್ಡನ್ನು ನೋಡಿ, “ಅಷ್ಟೇನಾ? ಬಿಗಿ ಮಾಡಿದ್ರಾಯ್ತು,” ಎಂದರು. ನನಗೂ ಹಾಗೇ ಅನಿಸಿತು. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ದೋಣಿಯನ್ನು ಕಬ್ಬಿಣದ ಸ್ಟ್ಯಾಂಡಿನ ಮೇಲೆ ಕೂರಿಸಿದೆವು. ಬೋಲ್ಟು ಬಿಗಿಯುವಾಗ ದೋಣಿಯ ಭಾರವೆಲ್ಲ ಕೀಲಿನ ಮೇಲೇ ಕೂತಿರಬೇಕು, ಆಗ ಸಂದಿ ತಾನಾಗಿ ಮುಚ್ಚಿಕೊಳ್ಳುತ್ತದೆ. ನೇತಾಡುವಾಗ ಬಿಗಿದರೆ ಬೋಲ್ಟಿನ ಬಲವೆಲ್ಲ ಕೀಲನ್ನು ಮೇಲೆತ್ತುವುದಕ್ಕೇ ಖರ್ಚಾಗುತ್ತದೆ. ದೋಣಿಯ ನಡುವೆ ನೆಲದ ಹಲಗೆ ತೆಗೆದರೆ ಒಂದು ಇಕ್ಕಟ್ಟಾದ ಕುಣಿ, ಅದರ ತಳದಲ್ಲಿ ಸಾಲಾಗಿ ಬೋಲ್ಟಿನ ತಲೆಗಳು, ಪ್ರತಿಯೊಂದಕ್ಕೂ ನಟ್ಟು, ನಟ್ಟಿನಡಿ ಉಕ್ಕಿನ ತಗಡು. ತಗಡಿನ ಸುತ್ತ ಯಾರೋ ಹಿಂದೆ, ನೀರು ಒಸರದಂತೆ ಹಚ್ಚುವ ಕರಿಯ ಸೀಲಂಟನ್ನು ಚಟ್ನಿ ಬಳಿದಂತೆ ಬಳಿದಿದ್ದರು. ನೀರು ತೆಗೆದು, ಉಜ್ಜಿ ತೊಳೆದು, ಬಟ್ಟೆಯಲ್ಲಿ ಒರೆಸಿದೆ. ಸಣ್ಣ ಸುತ್ತಿಗೆಯಲ್ಲಿ ಒಂದೊಂದೇ ತಟ್ಟಿ ನೋಡಿದೆ. ಎಲ್ಲವೂ ಟಣ್ ಎಂದವು. ಎರಡನೆಯದು ಮಾತ್ರ ಸ್ವಲ್ಪ ಮಂದ ಅನಿಸಿತು, ಆದರೆ ಕೆಟ್ಟಿದೆ ಎಂದು ಹೇಳುವಷ್ಟಲ್ಲ.

ಲಾರಿ ಗ್ಯಾರೇಜಿನಿಂದ ಟಾರ್ಕ್ ರೆಂಚ್ ಕೇಳಿ ತಂದೆ. ಎಷ್ಟು ಬಲ ಬೇಕೋ ಅಷ್ಟಕ್ಕೆ ಕಟ್ ಎಂದು ಸದ್ದು ಮಾಡಿ ನಿಲ್ಲಿಸುವ ಸ್ಪ್ಯಾನರ್ ಅದು. ನಡುವಿನ ಬೋಲ್ಟಿನಿಂದ ಶುರುಮಾಡಿ, ಒಂದು ಮುಂದೆ, ಒಂದು ಹಿಂದೆ, ಹೀಗೆ ತುದಿಯವರೆಗೆ ಹೋಗಬೇಕು. ಒಂದೇ ಸಲಕ್ಕೆ ಪೂರ್ತಿ ಬಿಗಿಯುವಂತಿಲ್ಲ, ಸುತ್ತು ಸುತ್ತಾಗಿ ಬಲ ಹೆಚ್ಚಿಸುತ್ತಾ ಬರಬೇಕು. ಎಲ್ಲವೂ ಕಟ್ ಎಂದವು. ಎದೆಯುಬ್ಬಿಸಿಕೊಂಡು ಮನೆಗೆ ಹೋದೆ.

ಮಾರನೆಯ ದಿನ ಬೆಳಿಗ್ಗೆ ರೆಂಚ್ ಇಟ್ಟರೆ ಒಂದು ನಟ್ಟೂ ಬಿಗಿಯಿರಲಿಲ್ಲ. ಮತ್ತೆ ಬಿಗಿದೆ. ಅದರ ಮಾರನೆಯ ದಿನ ಮತ್ತೆ ಸಡಿಲ. ದೆವ್ವ ಬಂದು ಬಿಚ್ಚಿಟ್ಟು ಹೋಗುತ್ತಿದೆಯೇನೋ ಎಂಬಂತೆ. ನಮ್ಮ ಬೋಟ್‌ಮನ್ ಕೈಲಾಂಚದವನು, ಎಲ್ಲಕ್ಕೂ ಅವನಲ್ಲಿ ಒಂದೇ ಮದ್ದು.

“ಮೇಡಂ, ಸ್ಪ್ಯಾನರಿಗೆ ಪೈಪ್ ಹಾಕಿ ಒಂದ್ ಎಳ್ತ ಎಳುದ್ಬುಟ್ರೆ ಆಯ್ತು. ಅದೆಂಗ್ ಸಡ್ಲಾಯ್ತದೋ ನೋಡೇಬುಡ್ತೀನಿ.”

ನನಗೂ ಸಿಟ್ಟು ನೆತ್ತಿಗೇರಿತ್ತು. ಪೈಪ್ ಸಿಕ್ಕಿಸಿ ಎಳೆದೆವು. ಒಳಗೆಲ್ಲೋ ಕಿರ್ರ್ ಎಂಬ ಸದ್ದು ಬಂತು. ಕಬ್ಬಿಣದ ಸದ್ದಲ್ಲ ಅದು, ಹಸಿ ಕೊಂಬೆ ಮುರಿಯುವಾಗ ಬರುವಂಥದ್ದು. ಕೈ ಬಿಟ್ಟೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ ನಾವು ಸುಮ್ಮನೆ ನಟ್ಟಿನ ಮೇಲೆ ಹಗೆ ಸಾಧಿಸುತ್ತಿದ್ದೇವೆ, ರೋಗ ಬೇರೆಲ್ಲೋ ಇದೆ ಎಂದು ಆಗ ಹೊಳೆಯಿತು.

ತಗಡಿನ ಅಂಚಿನಲ್ಲಿ ಕೆಂಪಗೆ ಏನೋ ಒಸರಿತ್ತು. ಮೊದಲ ದಿನವೇ ಕಂಡಿದ್ದೆ, ತುಕ್ಕು ಎಂದುಕೊಂಡು ಒರೆಸಿಬಿಟ್ಟಿದ್ದೆ. ಈಗ ಬೆರಳಲ್ಲಿ ತಿಕ್ಕಿ ನೋಡಿದರೆ ತುಕ್ಕಿನ ತರಿ ಇಲ್ಲ, ಮೇಣದ ಹಾಗೆ ನುಣುಪು. ಹಳೆಯ ಸೀಲಂಟ್ ಮೆತ್ತಗಾಗಲಿ ಎಂದು ಬಿಸಿಗಾಳಿ ಊದುವ ಗನ್ ಹಿಡಿದೆ. ಒಂದಿಷ್ಟು ಹೊತ್ತಿಗೆ ಕುಣಿಯಿಂದ ಒಂದು ವಾಸನೆ ಎದ್ದಿತು. ಚನ್ನಪಟ್ಟಣದಲ್ಲಿ ಬೊಂಬೆ ಮಾಡುವ ಬೀದಿಯಲ್ಲಿ ಒಮ್ಮೆ ನಡೆದವರಿಗೂ ಗೊತ್ತಿರುವ ವಾಸನೆ. ಕಾದ ಅರಗು! ತಿರುಗುವ ಬೊಂಬೆಗೆ ಬಣ್ಣದ ಅರಗಿನ ಕಡ್ಡಿ ಒತ್ತಿದಾಗ ಬರುತ್ತದಲ್ಲ, ಅದೇ.

ಒಂದು ನಟ್ಟು ಪೂರ್ತಿ ಬಿಚ್ಚಿ, ತಗಡು ಎಬ್ಬಿಸಿ ನೋಡಿದೆ. ಅಡಿಯಲ್ಲಿ ದುಂಡಗಿನ ಮರದ ಬಿಲ್ಲೆ. ಕೆಂಪು, ಹಳದಿ ಪಟ್ಟೆ ಬಳಿದು, ಹೊಳಪು ಕೊಟ್ಟು, ಮಗುವಿನ ಬುಗುರಿಯಷ್ಟು ಮುದ್ದಾಗಿ ಮಾಡಿದ್ದು. ಉಳಿದವನ್ನೂ ಒಂದೊಂದೇ ಎಬ್ಬಿಸಿದೆ, ಏಳು ಬೋಲ್ಟಿಗೂ ಏಳು ಬಿಲ್ಲೆ. ನಡುವೆ ಎಲ್ಲವೂ ನಜ್ಜುಗುಜ್ಜಾಗಿದ್ದವು. ಕುಣಿಯಲ್ಲಿ ಕೂತು ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು. ಈ ಭೂಮಿಯ ಮೇಲೆ ಬೇರೆ ಯಾವ ಊರಿನವರೂ ಮಾಡಲಾರದ ತಪ್ಪು ಇದು.

ಅವನ್ನು ಮಾಡಿದವರನ್ನು ಹುಡುಕುವುದು ಕಷ್ಟವಾಗಲಿಲ್ಲ. ಅಂಥ ಪಟ್ಟೆ ಹಾಕುವವರು ಯಾರು ಎಂದು ಬೊಂಬೆಯ ಬೀದಿಯಲ್ಲಿ ಕೇಳಿದರೆ ಎಲ್ಲರೂ ಒಂದೇ ಬಾಗಿಲು ತೋರಿಸಿದರು. ಚರಕಿ ಮುಂದೆ ಕೂತು ತಿರುಗುವ ಮರಕ್ಕೆ ಉಳಿ ಕೊಡುತ್ತಿದ್ದ ಹಿರಿಯರು, ಎಲ್ಲರ ಬಾಯಲ್ಲೂ ಚಾಚಾ. ನಜ್ಜಾದ ಬಿಲ್ಲೆಯನ್ನು ಕೈಗಿಟ್ಟೆ. ತಿರುಗಿಸಿ ಮುರುಗಿಸಿ ನೋಡಿ ಸಂತೋಷಪಟ್ಟರು.

“ನಂದೇ ಇದು. ಹಿಂದೆ ದೋಣಿ ನೋಡ್ಕೊಳ್ತಿದ್ರಲ್ಲ, ಅವ್ರು ಬಂದು ಕೇಳಿದ್ರು. ದೋಣಿ ತಳ ಬಾಗಿರೋದು, ತಗಡು ಚಪ್ಪಟೆ. ಎರಡೂ ಕೂಡಲ್ಲ. ಅದಕ್ಕೇ ಆ ಬಾಗಿಗೆ ತಕ್ಕಂಗೆ ಹಾಲೆ ಮರ ಕೆತ್ತಿಕೊಟ್ಟೆ. ಕೂದಲಷ್ಟೂ ಸಂದಿ ಇರ್ಲಿಲ್ಲ ನೋಡಮ್ಮಾ.”

“ಚಾಚಾ, ಹಾಲೆ ಮರ ಮೆತ್ತಗಲ್ವಾ?”

“ಮೆತ್ತಗೆ ಇರೋದಕ್ಕೇ ಬೊಂಬೆಯಾಗೋದು. ನಮ್ಮ ಬೊಂಬೆ ಮಗು ಕಚ್ಚಿದ್ರೂ ಏನಾಗಲ್ಲ, ಗೊತ್ತಾ?”

“ಮಗು ಕಚ್ಚೋದೇ ಬೇರೆ, ಬೋಲ್ಟು ಕಚ್ಚೋದೇ ಬೇರೆ ಚಾಚಾ!”

ಒಂದು ಗಳಿಗೆ ಮುಖ ಊದಿಸಿಕೊಂಡರು. ಆಮೇಲೆ ಬಿಲ್ಲೆಯ ನಜ್ಜಾದ ಜಾಗಕ್ಕೆ ಹೆಬ್ಬೆರಳಿಟ್ಟು, “ಬಣ್ಣ ನೋಡು, ಇನ್ನೂ ಹೋಗಿಲ್ಲ,” ಎಂದರು. ಸೋಲು ಒಪ್ಪುವುದಕ್ಕೂ ಒಂದು ರೀತಿ ಇರುತ್ತದಲ್ಲ. ನಮ್ಮ ಊರುಗಳಲ್ಲಿ ಯಾವ ತೊಂದರೆ ಬಂದರೂ ಮೊದಲು ಹಾಲೆ ಮರ ಮತ್ತು ಅರಗಿನಲ್ಲಿ ಏನಾದರೂ ಆಗುತ್ತದೆಯೇ ಎಂದು ನೋಡುತ್ತೇವೆ. ಮುಕ್ಕಾಲು ಪಾಲು ಆಗಿಯೂ ಆಗುತ್ತದೆ. ಇಲ್ಲಿ ಆಗಲಿಲ್ಲ. ನಾನು ಬಿಗಿದಷ್ಟೂ ಮರ ಕುಗ್ಗುತ್ತಿತ್ತು, ಮಧ್ಯಾಹ್ನ ಟಾರ್ಪಾಲಿನಡಿ ಕಾದಷ್ಟೂ ಅರಗು ಮೆತ್ತಗಾಗಿ ಜಾರುತ್ತಿತ್ತು. ನಟ್ಟು ಪಾಪದ್ದು, ಅದರದೇನೂ ತಪ್ಪಿರಲಿಲ್ಲ.

ಇಲ್ಲಿಗೆ ದಾರಿ ಎರಡಾಯಿತು. ಸುಲಭದ ದಾರಿ ಎಂದರೆ ಒಂದೊಂದೇ ನಟ್ಟು ಬಿಚ್ಚಿ, ಬಿಲ್ಲೆ ತೆಗೆದು, ಜಾಗಕ್ಕೆ ಆರಿದರೆ ಕಲ್ಲಾಗುವ ಎಪಾಕ್ಸಿ ಅಂಟು ತುಂಬಿ, ದಪ್ಪ ತಗಡು ಕೂರಿಸಿ ಬಿಗಿಯುವುದು. ಸಂದಿ ಮುಚ್ಚುತ್ತದೆ, ಪರೀಕ್ಷಕರು ಒಪ್ಪುತ್ತಾರೆ, ಪಂದ್ಯಕ್ಕೆ ಆರಾಮಾಗಿ ಸಮಯ ಸಿಗುತ್ತದೆ. ಕಷ್ಟದ ದಾರಿ ಎಂದರೆ ಒಡಲನ್ನೇ ಪೂರ್ತಿ ಮೇಲೆತ್ತಿ ಕೀಲನ್ನು ಬೇರೆ ಮಾಡಿ, ಬೋಲ್ಟಿನ ಕಣ್ಣಿಗೆ ಕಾಣದ ಭಾಗವನ್ನು ನೋಡುವುದು. ಸಂದಿ ಬಿಟ್ಟಿತ್ತು ಎಂದ ಮೇಲೆ ಅದರೊಳಗೆ ನೀರು ನಿಂತಿತ್ತು. ಗಾಳಿಯಾಡದ ಕಡೆ ನಿಂತ ನೀರಿನಲ್ಲಿ ತುಕ್ಕು ಹಿಡಿಯದ ಸ್ಟೀಲು ಕೂಡ ಒಳಗೊಳಗೇ ತಿಂದುಹೋಗುತ್ತದೆ. ಮೇಲೆ ತಲೆ ಫಳಫಳ, ನಡುವೆ ಸೊಂಟ ಸಣ್ಣ. ಎರಡನೆಯ ಬೋಲ್ಟಿನ ಆ ಮಂದ ಸದ್ದು ನನ್ನ ಕಿವಿಯಿಂದ ಹೋಗಿರಲಿಲ್ಲ.

ಆದರೆ ಕೀಲ್ ಬಿಚ್ಚಿದರೆ ಸಮಯಕ್ಕೆ ಮತ್ತೆ ಸೇರಿಸಲಾಗುತ್ತದೆ ಎಂಬ ಖಾತ್ರಿ ಇರಲಿಲ್ಲ. ಭಾಯಿಗೆ ಹೇಳಿದೆ. ಅವರ ಮುಖ ಕೆಂಪಾಯಿತು.

“ಪರೀಕ್ಷಕರು ಕೀಲ್ ಬಿಚ್ಚಿ ಅಂತ ಹೇಳಿದ್ರಾ?”

“ಇಲ್ಲ.”

“ಮತ್ಯಾಕೆ? ಬಿಗಿಯಾದ್ರೆ ಸಾಕು ಅಂದ್ರಲ್ಲ ಅವ್ರು! ಮೇಡಂ, ನಾನು ಜಾಕೆಟ್ ಹಾಕ್ಕೊಂಡಿರ್ತೀನಿ, ಪಕ್ಕದಲ್ಲೇ ರಕ್ಷಣಾ ದೋಣಿ ಇರ್ತದೆ. ನಾನು ಮುಳುಗಿದ್ರೂ ಚಿಂತೆ ಇಲ್ಲ. ಪಂದ್ಯಕ್ಕೆ ಹೋಗ್ಲಿಲ್ಲ ಅಂದ್ರೆ ಮಾರ್ಕೆಟ್‌ನಲ್ಲಿ ತಲೆ ಎತ್ತೋಕಾಗಲ್ಲ.”

“ನೀವು ಮುಳುಗಿದ್ರೆ ನಂಗೆ ಚಿಂತೆ ಐತೆ ಭಾಯಿ. ನೋಡದೆ ನಿಮ್ಮನ್ನ ಕೂರಿಸಲ್ಲ.”

“ನಿಮಗೆ ಕಾಲಿದಾವೆ. ಇವತ್ತಿಲ್ಲದಿದ್ರೆ ನಾಳೆ ಇನ್ನೊಂದು ದೋಣಿ ಹತ್ತುತ್ತೀರಾ. ನನಗೆ ಇದೊಂದೇ,” ಎಂದರು. ಸ್ಕೂಟರ್ ತಿರುಗಿಸಿಕೊಂಡು ಹೊರಟೇಹೋದರು.

ಆ ಮಾತು ನಾಟಿತು. ಸುಳ್ಳಾಗಿದ್ದರೆ ನಾಟುತ್ತಿರಲಿಲ್ಲ. ದಂಡೆಯಲ್ಲಿ ಕೂತು ನೀರು ನೋಡಿದೆ. ಅವರ ಸಿಟ್ಟು ಸರಿಯಾದದ್ದೇ, ಆದರೆ ಬೋಲ್ಟಿಗೆ ಯಾರ ಸಿಟ್ಟೂ ಗೊತ್ತಾಗುವುದಿಲ್ಲ. ಹೈಡ್ರಾದವನಿಗೆ ಫೋನ್ ಮಾಡಿ ಮಾರನೆಯ ದಿನ ಬೆಳಿಗ್ಗೆಯೇ ಬಾ ಎಂದೆ.

ಕೀಲಿನ ಎರಡೂ ಬದಿಗೆ ಮರಳಿನ ಚೀಲ ಒಟ್ಟಿ, ಮರದ ತೊಲೆ ಆನಿಸಿ ಅಲುಗದಂತೆ ನಿಲ್ಲಿಸಿದೆವು. ನಟ್ಟುಗಳೆಲ್ಲ ಬಿಚ್ಚಿದೆ. ಹೈಡ್ರಾ ಬೆಲ್ಟು ಎಳೆಯಿತು. ಒಡಲು ಜಪ್ಪಯ್ಯ ಎನ್ನಲಿಲ್ಲ. ಹಳೆಯ ಸೀಲಂಟ್ ಕಚ್ಚಿ ಹಿಡಿದಿತ್ತು. ತೆಳ್ಳನೆಯ ತಂತಿಯನ್ನು ಸಂದಿಯೊಳಗೆ ಗರಗಸದಂತೆ ಆಚೀಚೆ ಎಳೆದು ಎಳೆದು ಕತ್ತರಿಸಿದೆವು, ಅಂಗೈ ಬೊಬ್ಬೆ ಬಂತು.

“ಒಸಿ ಎತ್ತಲಾ ಅಕ್ಕೋ?”

“ಒಸಿ ಅಂದ್ರೆ ಒಸೀನೇ ಕಣಪ್ಪಾ. ಇದು ಕಲ್ಲಲ್ಲ.”

“ಗೊತ್ತು ಬುಡಕ್ಕ, ಮೊಟ್ಟೆ ಎತ್ತಿದಂಗೆ ಎತ್ತೀನಿ.”

ಚಪ್ ಎಂದು ಒಡಲು ಬಿಟ್ಟುಕೊಂಡು ಮೇಲೆದ್ದಿತು. ಕೀಲಿನ ಮೇಲೆ ಏಳು ಬೋಲ್ಟು ಬೆತ್ತಲೆ ನಿಂತಿದ್ದವು. ಆರಕ್ಕೆ ಏನೂ ಆಗಿರಲಿಲ್ಲ. ಎರಡನೆಯದು, ಸರಿಯಾಗಿ ಸಂದಿಯ ಮಟ್ಟದಲ್ಲಿ, ಇಲಿ ಕಡಿದ ಹಾಗೆ ತಿಂದುಹೋಗಿತ್ತು. ಬೆರಳಿಂದ ತಡವಿದರೆ ಕುಳಿ ಕುಳಿ. ನನಗೆ ಮೈ ಜುಮ್ಮೆಂದಿತು, ಅದರ ಹಿಂದೆಯೇ ಕುಣಿಯುವಷ್ಟು ಖುಷಿಯಾಯಿತು. ನಾನು ಹೇಳಿದ್ದೇ ನಿಜವಾಗಿತ್ತು! ಫೋಟೋ ತೆಗೆದು ಭಾಯಿಗೆ ಕಳಿಸಿದೆ. ನೋಡಿದ್ದಾರೆ ಎಂದು ಫೋನು ತೋರಿಸಿತು, ಅಷ್ಟೇ.

ಕೆಟ್ಟ ಬೋಲ್ಟು ಕೀಲಿನ ಕಬ್ಬಿಣದೊಳಗೆ ತಿರುಪಿನ ಸುತ್ತು ಕಚ್ಚಿಕೊಂಡು ಕೂತಿತ್ತು. ತಿರುಗಿಸಿ ತೆಗೆಯಬೇಕು, ಆದರೆ ಬಲವಂತ ಮಾಡಿದರೆ ಸಣ್ಣ ಸೊಂಟದಲ್ಲಿ ಮುರಿದು ಅರ್ಧ ಒಳಗೇ ಉಳಿಯುತ್ತದೆ. ಸುತ್ತಲಿನ ಕಬ್ಬಿಣವನ್ನು ಗ್ಯಾಸಿನ ಬೆಂಕಿಯಲ್ಲಿ ಕಾಯಿಸುವುದು, ತಣಿಯಲು ಬಿಡುವುದು, ಎಣ್ಣೆ ಬಿಡುವುದು, ಒಂದು ಗೆರೆಯಷ್ಟು ತಿರುಗಿಸುವುದು, ಮತ್ತೆ ಹಿಂದಕ್ಕೆ ತಿರುಗಿಸುವುದು. ಇಡೀ ದಿನ ಅದೇ ಆಯಿತು. ಸಂಜೆ ಅದು ಹೊರಬಂದಾಗ ಬೋಟ್‌ಮನ್ ಅದನ್ನು ಎತ್ತಿ ಹಿಡಿದು, “ಏನ್ಲಾ, ಕೊನೆಗೂ ಬಂದ್ಯಾ?” ಎಂದು ಮಾತಾಡಿಸಿದ. ಹಾಲಿನ ಡೈರಿಗೆ ಟ್ಯಾಂಕು ಮಾಡಿಕೊಡುವ ರಾಮನಗರದ ವರ್ಕ್‌ಶಾಪಿನಲ್ಲಿ ಒಳ್ಳೆಯ ಜಾತಿಯ ಸ್ಟೀಲಿತ್ತು. ಹಳೆಯದರ ಅಳತೆಗೆ ಹೊಸದನ್ನು ಅಲ್ಲೇ ಲೇತಿನಲ್ಲಿ ಕಡೆಸಿ ತಂದು, ಕೀಲಿನ ಅದೇ ಜಾಗಕ್ಕೆ ತಿರುಗಿಸಿ ಕೂರಿಸಿದೆ.

ಇನ್ನು ಒಡಲನ್ನು ಮತ್ತೆ ಇಳಿಸಬೇಕು. ಕೀಲಿನ ತಲೆಗೆ ಹೊಸ ಸೀಲಂಟ್ ಬಳಿದ ಮೇಲೆ ಅದು ಗಟ್ಟಿಯಾಗುವ ಮೊದಲು, ಏಳು ತೂತಿನೊಳಗೆ ಏಳು ಬೋಲ್ಟು ಒಟ್ಟಿಗೆ ತೂರಬೇಕು. ಒಂದು ತೂತಿನ ಅಂಚು ತಾಗಿದರೂ ಬೋಲ್ಟಿನ ತಿರುಪಿನ ಸುತ್ತು ಹಾಳು. ಒಡಲೋ ಗಾಳಿಗೆ ಉಯ್ಯಾಲೆ. ತಲೆ ಕೆರೆದುಕೊಳ್ಳುತ್ತಿದ್ದಾಗ ಚಾಚಾ ತಾವಾಗಿಯೇ ಆಟೋದಲ್ಲಿ ಬಂದಿಳಿದರು. ಮನೆಯಲ್ಲಿ ಮನಸ್ಸು ತಡೆಯಲಿಲ್ಲವಂತೆ. ಬೋಲ್ಟುಗಳನ್ನು ನೋಡಿದರು, ತೂತುಗಳನ್ನು ನೋಡಿದರು.

“ಇದಕ್ಕೆ ಟೋಪಿ ಬೇಕಮ್ಮಾ. ಚೂಪು ಟೋಪಿ.”

ಮಾರನೆಯ ದಿನ ಏಳು ಮರದ ಮೊನೆ ತಂದರು. ಬುಡ ಬೋಲ್ಟಿನಷ್ಟೇ ದಪ್ಪ, ತುದಿ ಸೂಜಿಯಂತೆ ಚೂಪು, ಮೈ ಗಾಜಿನ ಹಾಗೆ ನುಣುಪು. ಅರಗನ್ನು ಕಾಯಿಸಿ ಒಂದೊಂದು ಬೋಲ್ಟಿನ ನೆತ್ತಿಗೂ ಒಂದೊಂದು ಮೊನೆ ಅಂಟಿಸಿದರು. ತೂತು ಮೊದಲು ಮೊನೆಗೆ ಸಿಗುತ್ತದೆ, ಮೊನೆ ಜಾರಿಸಿಕೊಂಡು ಬೋಲ್ಟಿಗೆ ದಾರಿ ತೋರಿಸುತ್ತದೆ, ಆಮೇಲೆ ಒಂದು ಏಟು ಕೊಟ್ಟರೆ ಉದುರುತ್ತದೆ. “ಇದಕ್ಕೆ ಹಾಲೆ ಮರ ನಡೀತದೆ ತಾನೇ?” ಎಂದು ಕೇಳಿದರು. ಇದಕ್ಕೆ ಅದನ್ನು ಬಿಟ್ಟರೆ ಬೇರೆ ಇಲ್ಲ ಚಾಚಾ ಎಂದೆ. ಮನಸ್ಸಿಟ್ಟೇ ಹೇಳಿದೆ.

ಸೀಲಂಟ್ ಬಳಿಯಲು ಕೈ ಹಾಕಿದಾಗ ಸ್ಕೂಟರಿನ ಸದ್ದು ಕೇಳಿಸಿತು. ಭಾಯಿ ಇಳಿಯಲಿಲ್ಲ, ಕೂತಲ್ಲಿಂದಲೇ ಫೋನೆತ್ತಿ ನಾನು ಕಳಿಸಿದ್ದ ಫೋಟೋ ತೋರಿಸಿದರು.

“ಇದು ನಿಜಾನಾ?”

ಜೇಬಿನಲ್ಲಿದ್ದ ಹಳೆಯ ಬೋಲ್ಟನ್ನು ಅವರ ಕೈಗೆ ಕೊಟ್ಟೆ. ಕುಳಿಬಿದ್ದ ಜಾಗವನ್ನು ಹೆಬ್ಬೆರಳಿಂದ ತಿಕ್ಕಿದರು. “ಯಾ ಅಲ್ಲಾ,” ಎಂದರು. ಬೋಲ್ಟನ್ನು ನನ್ನ ಕೈಗೆ ಮರಳಿಸಿ, “ನಿಂತ್ಕೊಂಡು ನೋಡ್ತೀರೇನು ಮೇಡಂ, ಕೆಲಸ ಹೇಳಿ,” ಎಂದರು. ಬೈದದ್ದು, ಬೈಸಿಕೊಂಡದ್ದು ಎಲ್ಲ ಅಲ್ಲಿಗೇ ಮುಗಿಯಿತು.

ಒಡಲಿನ ಮುಂದೊಂದು ಹಗ್ಗ, ಹಿಂದೊಂದು ಹಗ್ಗ. ಮುಂದೆ ನಾನು, ಹಿಂದೆ ಬೋಟ್‌ಮನ್. ಭಾಯಿ ಪಕ್ಕದಲ್ಲಿ ಕೂತು ಸಂದಿಯನ್ನೇ ನೋಡುತ್ತಾ ಹೈಡ್ರಾದವನಿಗೆ ಹುಕುಂ ಕೊಡಬೇಕು. ರೇಷ್ಮೆಯ ಎಳೆ ನೋಡಿ ನೋಡಿ ಹದವಾದ ಕಣ್ಣು ಅವರದು.

“ಬಿಡು, ಬಿಡು, ಬಿಡು... ನಿಲ್ಸು! ಮೇಡಂ, ಒಂದು ಬೆರಳು ನಿಮ್ಮ ಕಡೆ. ಹಾಂ. ಬಿಡು.”

ಗಾಳಿ ಬೀಸಿತು. ಒಡಲು ತಿರುಗಿತು. ತುದಿಯ ಮೊನೆಯೊಂದು ಟಕ್ ಎಂದು ಮುರಿದು ಹಾರಿತು. “ನಿಲ್ಸೂ!” ಎಂದು ಭಾಯಿ ಕಿರುಚಿದ ಕಿರುಚಿಗೆ ದಂಡೆಯ ಕೊಕ್ಕರೆಗಳು ಎದ್ದುಹೋದವು. ಹೈಡ್ರಾ ಹಾಗೇ ನಿಂತಿತು. ಬೋಲ್ಟಿಗೆ ಗೀರೂ ಬಿದ್ದಿರಲಿಲ್ಲ, ಏಟನ್ನೆಲ್ಲ ಮರ ತಿಂದಿತ್ತು. ಚಾಚಾ ಕಿಸೆಯಿಂದ ಇನ್ನೊಂದು ಮೊನೆ ತೆಗೆದರು. “ಬೊಂಬೆ ಮಾಡೋನು ಯಾವತ್ತೂ ಒಂದು ಜಾಸ್ತಿ ಮಾಡ್ತಾನೆ,” ಎಂದು ಅಂಟಿಸಿದರು. ಈ ಸಲ ಏಳೂ ಮೊನೆಗಳು ಏಳು ತೂತಿನಲ್ಲಿ ಒಟ್ಟಿಗೆ ಇಣುಕಿದವು. ಒಡಲು ಇಳಿಯಿತು, ಕೂತಿತು, ಸುತ್ತಲೂ ಸೀಲಂಟ್ ಒಂದೇ ಸಮ ಉಬ್ಬಿ ಹೊರಬಂತು. ಹೈಡ್ರಾದವನು ಸೀಟಿನಿಂದ ಹಾರಿ ಇಳಿದು ಶಿಳ್ಳೆ ಹೊಡೆದ.

ಮರದ ಬಿಲ್ಲೆಗಳ ಜಾಗದಲ್ಲಿ ಎಪಾಕ್ಸಿ ತುಂಬಿ, ದಪ್ಪ ಉಕ್ಕಿನ ತಗಡುಗಳನ್ನು ಅದರಲ್ಲಿ ಕೂರಿಸಿ, ನಟ್ಟನ್ನು ಬರಿಗೈಯಲ್ಲಿ ತಿರುಗುವಷ್ಟೇ ತಿರುಗಿಸಿ ಬಿಟ್ಟೆ. ಎಪಾಕ್ಸಿ ಕಲ್ಲಾಗುವವರೆಗೆ ಕಾಯಬೇಕು. ಕಾಯುವುದು ನನ್ನಂಥ ಮುಂಗೋಪಿಗೆ ಶಿಕ್ಷೆ. ಉಗುರು ಊರಿದರೂ ಗುರುತು ಬೀಳದಷ್ಟು ಗಟ್ಟಿಯಾದ ಮೇಲೆ ರೆಂಚ್ ಹಿಡಿದು ಕುಣಿಗೆ ಇಳಿಯಲು ಹೋದೆ. ಭಾಯಿ ತಡೆದರು.

“ನಿಮ್ಮ ಮೊಣಕಾಲು ಅಡ್ಡ ಬರ್ತದೆ ಮೇಡಂ. ಮೊನ್ನೆ ನೋಡಿದೀನಿ, ಬಗ್ಗಿ ಬಗ್ಗಿ ರೆಂಚು ಓರೆ ಹಿಡೀತೀರ. ನನ್ನ ಕಾಲು ಹೆಂಗೆ ಬೇಕಾದ್ರೂ ಮಡಚ್ತದೆ. ಇಳಿಸಿ ನನ್ನನ್ನ.”

ಅವರು ಹೇಳಿದ್ದು ಸರಿ. ಆ ಇಕ್ಕಟ್ಟಿನಲ್ಲಿ ನನಗೆ ರೆಂಚನ್ನು ಪೂರ್ತಿ ಎಳೆಯಲು ಆಗುತ್ತಲೇ ಇರಲಿಲ್ಲ. ಇಳಿಸಿದೆವು. ಕಾಲು ಮಡಚಿ, ಬೋಲ್ಟುಗಳ ನಡುವೆ ಚಕ್ಕಳಮಕ್ಕಳ ಹಾಕಿದಂತೆ ಕೂತರು. ನಡುವಿನದು, ಮುಂದಿನದು, ಹಿಂದಿನದು ಎಂದು ನಾನು ಮೇಲಿಂದ ಹೇಳುತ್ತಾ ಹೋದೆ. ರೆಂಚು ನೆಟ್ಟಗೆ ಕೂತು, ಆ ತೋಳು ಒಂದೇ ಹದದಲ್ಲಿ ಎಳೆಯಿತು. ಕಟ್. ಕಟ್. ಬಲ ಹೆಚ್ಚಿಸಿ ಇನ್ನೊಂದು ಸುತ್ತು, ಮತ್ತೊಂದು ಸುತ್ತು. ಎಲ್ಲ ಮುಗಿದ ಮೇಲೆ ಪ್ರತಿ ನಟ್ಟಿನಿಂದ ತಗಡಿನವರೆಗೆ ಬಿಳಿ ಬಣ್ಣದಲ್ಲಿ ಒಂದು ನೇರ ಗೆರೆ ಎಳೆಸಿದೆ. ನಟ್ಟು ಕೂದಲಿನಷ್ಟು ತಿರುಗಿದರೂ ಗೆರೆ ಮುರಿಯುತ್ತದೆ.

ಬೆಳಿಗ್ಗೆ ಎದ್ದವಳೇ ಬಂದು ಹಲಗೆ ತೆಗೆದೆ. ಏಳೂ ಗೆರೆಗಳು ನೆಟ್ಟಗಿದ್ದವು. ರೆಂಚ್ ಇಟ್ಟರೆ ತಿರುಗುವ ಮೊದಲೇ ಕಟ್ ಎಂದಿತು. ಮಧ್ಯಾಹ್ನ ಬಿಸಿಲು ಕಾದ ಮೇಲೂ ಹಾಗೇ, ಅದರ ಮಾರನೆಯ ದಿನವೂ ಹಾಗೇ. ಬೋಟ್‌ಮನ್ ಪೈಪನ್ನು ಎತ್ತಿ ಬೇಲಿಯಾಚೆ ಎಸೆದ.

ಪಂದ್ಯದ ಹಿಂದಿನ ದಿನ ಪರೀಕ್ಷಕರು ಬಂದರು. ದೋಣಿಯನ್ನು ಮತ್ತೆ ಬೆಲ್ಟಿನಲ್ಲಿ ಎತ್ತಿಸಿದರು. ಕಾರ್ಡು ತೆಗೆದರು. ಸಂದಿ ಹುಡುಕಿದರು. ಮುಂದಿನಿಂದ ಹಿಂದಿನವರೆಗೆ ಕಾರ್ಡಿನ ಅಂಚು ಜಾರಿಕೊಂಡೇ ಹೋಯಿತು, ತೂರಲು ಎಲ್ಲೂ ಜಾಗ ಸಿಗಲಿಲ್ಲ. ಕೀಲಿನ ತುದಿ ಹಿಡಿದು ಆಚೀಚೆ ಅಲುಗಿಸಿದರು. ಇಡೀ ದೋಣಿಯೇ ಅಲುಗಿತು, ಕೀಲ್ ಒಂದೇ ಅಲುಗಲಿಲ್ಲ. ತಿಂದುಹೋದ ಹಳೆಯ ಬೋಲ್ಟನ್ನು ತೋರಿಸಿದಾಗ ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ನೋಡಿದರು.

“ಕೀಲ್ ಬಿಚ್ಚಿ ಅಂತ ನಾನು ಹೇಳಿರಲಿಲ್ಲ,” ಎಂದರು. “ಹೇಳಬೇಕಿತ್ತು. ಬಿಗಿದೋರು ಯಾರು?”

“ನಾನು,” ಎಂದರು ಭಾಯಿ, ಸ್ಕೂಟರಿನ ಮೇಲಿಂದ, ಸುಲ್ತಾನರ ಗತ್ತಿನಲ್ಲಿ.

ಪಂದ್ಯದ ದಿನ ಗಾಳಿಗೆ ಹುಚ್ಚು ಹಿಡಿದಿತ್ತು. ಮುಂದಿನ ಚಿಕ್ಕ ಹಾಯಿ ನನ್ನ ಕೈಯಲ್ಲಿ, ಚುಕ್ಕಾಣಿ, ದೊಡ್ಡ ಹಾಯಿ ಮತ್ತು ಬಾಯಿ ಭಾಯಿಯದು. ಹೊರಗಿನಿಂದ ಬಂದ ದೋಣಿಗಳು ನಮ್ಮದಕ್ಕಿಂತ ಹೊಸವು. ಆದರೆ ಕಣ್ವದ ಗಾಳಿ ಅವರಿಗೆ ಗೊತ್ತಿಲ್ಲ. ಗುಡ್ಡದ ಕಡೆಯಿಂದ ಇದ್ದಕ್ಕಿದ್ದಂತೆ ನುಗ್ಗಿ ಬರುತ್ತದೆ. ಕೊನೆಯ ಸುತ್ತಿನಲ್ಲಿ ನಾವು ಎರಡನೆಯವರಾಗಿದ್ದೆವು. ಗುಡ್ಡದ ಬುಡದಲ್ಲಿ ನೀರು ಕಪ್ಪಾಗುವುದು ಕಾಣಿಸಿತು, ಅಂದರೆ ಗಾಳಿ ಬರುತ್ತಿದೆ. ಮುಂದಿದ್ದ ದೋಣಿಯವರು ಹೆದರಿ ಹಾಯಿ ಸಡಿಲಿಸಿದರು. ಭಾಯಿ ನನ್ನ ಕಡೆ ನೋಡಿದರು.

“ಬಿಡ್ಲಾ, ಎಳೀಲಾ ಮೇಡಂ?”

ಈ ಕೀಲಿನ ಬಗ್ಗೆ ನನಗೆ ಒಂದು ಕೂದಲಿನಷ್ಟು ಅನುಮಾನವಿದ್ದಿದ್ದರೂ ಬಿಡಿ ಎನ್ನುತ್ತಿದ್ದೆ. “ಎಳೀರಿ!” ಎಂದೆ.

ಗಾಳಿ ಬಡಿಯಿತು. ದೋಣಿ ವಾಲಿತು, ಇನ್ನೂ ವಾಲಿತು, ಬದಿಯ ಮೇಲೆ ನೀರು ಹರಿದು ಬಂತು. ನಮ್ಮಡಿಯಲ್ಲಿ ಆ ಕಬ್ಬಿಣದ ರೆಕ್ಕೆ ನೀರನ್ನು ಹಿಡಿದು ನಿಂತಿತು. ಕಿರ್ರ್ ಎನ್ನಲಿಲ್ಲ, ಕುಯ್ ಎನ್ನಲಿಲ್ಲ. ದೋಣಿ ಬಾಣದಂತೆ ಮುನ್ನುಗ್ಗಿತು. ಭಾಯಿ ಚುಕ್ಕಾಣಿಯನ್ನು ಕಂಕುಳಿಗೆ ಅವುಚಿಕೊಂಡು ಏನೋ ಕೂಗುತ್ತಿದ್ದರು. ಮುಂದಿದ್ದವರ ಪಕ್ಕದಿಂದ ಹಾದಾಗ ಅವರ ಕೈಗೆ ಕೈ ತಾಗಿಸಬಹುದಿತ್ತು. ಗೆರೆಯನ್ನು ಮೊದಲು ದಾಟಿದವರಿಗೆ ಊದುವ ಕಹಳೆ ಊದಿದ್ದು ನಮಗೆ. ದಂಡೆಯಲ್ಲಿ ಚಾಚಾ ಟೋಪಿ ತೆಗೆದು ಬೀಸುತ್ತಿದ್ದರು, ಹೈಡ್ರಾದವನ ಶಿಳ್ಳೆ ನೀರಿನ ಮೇಲೆಲ್ಲ ಕೇಳುತ್ತಿತ್ತು. ನಾನು ಅತ್ತುಬಿಟ್ಟೆ. ನೀರು ಎರಚಿದ್ದು ಎಂದು ಹೇಳಿದರೆ ಭಾಯಿ ನಂಬಲಿಲ್ಲ.

ಸಂಜೆ ಗಾಳಿ ತಗ್ಗಿತ್ತು. ಹಾರ ತುರಾಯಿ ಮುಗಿದು ಜನ ಚದುರುತ್ತಿದ್ದರು. ಊರುಗೋಲು ಹಿಡಿದ ಹೆಂಗಸೊಬ್ಬರು ಕಟ್ಟೆಯ ಹತ್ತಿರ ಬಂದರು. ಕುದೂರಿನವರಂತೆ, ಟೈಲರಂತೆ, ಬಸ್ಸು ಹತ್ತಿ ನೋಡಲು ಬಂದಿದ್ದರಂತೆ. ಭಾಯಿ ಇನ್ನೂ ದೋಣಿಯಲ್ಲೇ ಕೂತಿದ್ದರು. ಇಳಿಸೋಣವೇ ಎಂದು ಎಷ್ಟು ಸಲ ಕೇಳಿದರೂ ಆಮೇಲೆ ಆಮೇಲೆ ಎನ್ನುತ್ತಿದ್ದರು.

“ಮೇಡಂ, ನಂಗೂವೆ ಒಂದ್ಸಲ ಕೂರಕ್ಕಾಯ್ತದಾ?” ಎಂದು ಆಕೆ ನನ್ನನ್ನು ಕೇಳಿದರು. “ಭಯ ಅಂತೂ ಐತೆ.”

ನಾನು ಬಾಯಿ ತೆರೆಯುವಷ್ಟರಲ್ಲಿ ಭಾಯಿ ಉತ್ತರ ಕೊಟ್ಟಾಗಿತ್ತು.

“ಬಾಮ್ಮಾ, ಕೂತ್ಕೋ. ನಾನು ಕರ್ಕೊಂಡೋಗ್ತೀನಿ.”

ಆಕೆಗೆ ಜಾಕೆಟ್ ತೊಡಿಸಿ ಕೂರಿಸಿದೆವು. ನಾನು ಎಂದಿನಂತೆ ನನ್ನ ಜಾಗಕ್ಕೆ ಹತ್ತಲು ಕಾಲೆತ್ತಿದೆ. ಇದುವರೆಗೆ ಒಂದು ದಿನವೂ ಅವರು ನಾನಿಲ್ಲದೆ ಹೋದದ್ದಿಲ್ಲ. ಭಾಯಿ ಕೈ ಅಡ್ಡ ಹಿಡಿದರು. ಬೋಟ್‌ಮನ್ ರಕ್ಷಣಾ ದೋಣಿಯನ್ನು ಆಗಲೇ ಹಿಂದೆ ತಂದು ನಿಲ್ಲಿಸಿ ನಗುತ್ತಿದ್ದ.

“ಹಗ್ಗ ಬಿಚ್ಕೊಡಿ ಮೇಡಂ,” ಎಂದರು ಭಾಯಿ.

ಬಿಚ್ಚಿಕೊಟ್ಟೆ.